ಮಾಂಡೋವಿಯ ಮೇಲೊಂದು ತಾಸು

ಮೂರು ದಿನ ಸಾಲಾಗಿ ರಜೆ ಸಿಕ್ಕರೆ ಪುಣೆಯ ಐಟಿ ಕಂಪನಿಗಳ ಅರ್ಧ ಮಂದಿ ಗೋವಾದಲ್ಲಿರುತ್ತಾರೆ. ನಾನೂ ನಾಲ್ಕೈದು ಸಲ ಹೋದವನೇ. ಕಳೆದ ಡಿಸೆಂಬರಿನಲ್ಲಿ ಮಾತ್ರ ಜೊತೆಗೆ ಗೆಳೆಯರಿರಲಿಲ್ಲ, ನವಲಗುಂದದಿಂದ ಬಂದಿದ್ದ ಅಪ್ಪ, ಅವ್ವ ಇದ್ದರು. ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೆ ಹೊರಡುವ ಒಂದು ತಾಸಿನ ದೋಣಿ ವಿಹಾರಕ್ಕೆ ಟಿಕೆಟ್ ತೆಗೆಸಿದೆ.

ಮೇಲಿನ ಡೆಕ್ಕಿನಲ್ಲಿ ಸಾಲು ಕುರ್ಚಿ, ಎದುರಿಗೆ ಪುಟ್ಟ ವೇದಿಕೆ. ಕೊಂಕಣಿ ಜನಪದ ಕುಣಿತ, ಪೋರ್ಚುಗೀಸ್ ಶೈಲಿಯ ಜೋಡಿ ಕುಣಿತ, ನಡುನಡುವೆ ಕಿವಿ ಗಡಚಿಕ್ಕುವ ಸಿನಿಮಾ ಹಾಡು. ವೇದಿಕೆಗೆ ಬೆನ್ನು ಹಾಕಿ ಕಟಾಂಜನದ ಬಳಿ ನಿಲ್ಲುವುದೇ ಲೇಸು. ಹಿಂದಕ್ಕೆ 2019ರಲ್ಲಿ ತೆರೆದ ಅಟಲ್ ಸೇತುವಿನ ಹಳದಿ ತಂತಿಗಳು, ಬಲದಂಡೆಯ ಗುಡ್ಡದಲ್ಲಿ ರೇಯ್ಸ್ ಮಾಗೋಸ್ ಕೋಟೆ, ನದಿಯ ನಡುವೆಯೇ ಲಂಗರು ಹಾಕಿ ಝಗಮಗಿಸುವ ಕ್ಯಾಸಿನೊ ಹಡಗುಗಳು. ಮುಂದೆ ನದಿ ಅಗಲವಾಗುತ್ತ ಅರಬ್ಬಿ ಸಮುದ್ರಕ್ಕೆ ಬಾಯಿ ತೆರೆಯುತ್ತದೆ.

‘ಇದು ಯಾವ ಹೊಳಿ?’ ಅಂದರು ಅಪ್ಪ.

‘ಮಾಂಡೋವಿ. ನಮ್ಮ ಮಹದಾಯಿನ ಅಪ್ಪಾ, ಇಲ್ಲಿ ಹೆಸರು ಬ್ಯಾರೆ.’

ಅಪ್ಪ ಮುಂದೆ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಈ ನದಿ ಬೇಗನೆ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕಣಕುಂಬಿ ದಿಣ್ಣೆಯ ಯಾವ ಮಗ್ಗುಲಿಗೆ ಮಳೆ ಬಿತ್ತು ಎಂಬುದರ ಮೇಲೆ ಆ ಹನಿಯ ದಾರಿ! ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು 2015ರಲ್ಲಿ ನರಗುಂದ, ನವಲಗುಂದದ ರೈತರು ಧರಣಿ ಕುಳಿತಾಗ ಅಪ್ಪನೂ ಅಲ್ಲಿದ್ದವರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದು 13.42 ಟಿಎಂಸಿ, ಆ ಅಂಕಿ ಅವರಿಗೆ ಬಾಯಿಪಾಠ.

‘ಇಂಜಿನಿಯರ್ ಅದಿಯಲ್ಲ, ಒಂದು ಟಿಎಂಸಿ ಅಂದ್ರ ಎಷ್ಟು ಕೊಡ ಹೇಳು.’

ಕೊಡದ ಲೆಕ್ಕ ಸಿಗಲಿಲ್ಲ. ಸುಮಾರು 2,800 ಕೋಟಿ ಲೀಟರ್ ಅಂದೆ. ಎಂ.ಟೆಕ್ ಓದಿದ್ದು ಅಷ್ಟಕ್ಕಾದರೂ ಬಂತು.

‘ಅಷ್ಟೂ ಸುಮ್ನ ಸಮುದ್ರಕ್ಕ ಹೊಂಟೈತಿ.’

ಇಲ್ಲಿ ಭರತ ಬಂದಾಗ ಸಮುದ್ರವೇ ನದಿಯೊಳಗೆ ಬರುತ್ತದೆ, ಪಣಜಿಯ ಬಳಿ ಇದು ಉಪ್ಪುನೀರು ಎಂದೆ. ಪಣಜಿಗೆ ಕುಡಿಯುವ ನೀರು ಬರುವುದು ಮಾಂಡೋವಿಯ ಉಪನದಿ ಖಾಂಡೆಪಾರದ ದಂಡೆಯ ಓಪಾದಿಂದ. ಮೇಲಿನ ಸಿಹಿನೀರು ಕಡಿಮೆಯಾದರೆ ಉಪ್ಪು ಇನ್ನಷ್ಟು ಒಳಕ್ಕೆ ಏರುತ್ತದೆ ಎಂಬುದು ಗೋವಾದವರ ಭಯ. ಹೊಳೆಯಂಚಿನ ತಗ್ಗು ಗದ್ದೆಗಳಿಗೆ ಒಡ್ಡು ಕಟ್ಟಿ, ಉಪ್ಪುನೀರನ್ನು ತೂಬಿನಿಂದ ತಡೆದು ಭತ್ತ ಬೆಳೆಯುವವರಿದ್ದಾರೆ ಎಂದೂ ಹೇಳಿದೆ. ಹತ್ತಿ, ಕಡಲೆ ಬೆಳೆಯುವ ಅಪ್ಪನಿಗೆ ಈ ಕೊನೆಯ ಮಾತು ನಾಟಿತು.

‘ಹಂಗಾದ್ರ ಅವರದೂ ಖರೇ ಐತಿ. ಆದ್ರ ಕುಡ್ಯಾಕ ಕೇಳೂದು ತಪ್ಪಲ್ಲ ಬಿಡು.’

ಹತ್ತು ವರ್ಷದ ಟಿವಿ ಚರ್ಚೆಗಳಲ್ಲಿ ಇಷ್ಟು ಸಮಾಧಾನದ ಮಾತು ನಾನು ಕೇಳಿಲ್ಲ.

ಮರುದಿನ ದೋನಾ ಪಾವುಲಾ. ಮಳೆಗಾಲದಲ್ಲಿ ಬಂದ್ ಇರುವ ನೀರಾಟಗಳಿಗೆ ಡಿಸೆಂಬರ್ ಒಳ್ಳೆಯ ಕಾಲ. ಜೆಟ್ ಸ್ಕೀಗಳು ನೀರು ಸೀಳುತ್ತಿದ್ದವು. ಅಪ್ಪನಿಗೆ ಅದು ಬರೀ ಪೆಟ್ರೋಲ್ ದಂಡ. ಕಣ್ಣು ನೆಟ್ಟಿದ್ದು ಪ್ಯಾರಾಸೇಲಿಂಗ್ ಮೇಲೆ. ದೋಣಿ ಮುಂದಕ್ಕೆ ಓಡಿದಂತೆ ಕೊಡೆ ಗಾಳಿ ತುಂಬಿಕೊಳ್ಳುತ್ತದೆ, ರಾಟೆ ಹಗ್ಗ ಬಿಡುತ್ತದೆ, ಲೈಫ್ ಜಾಕೆಟ್ ತೊಟ್ಟವರು ಮೇಲೇರುತ್ತಾರೆ. ರಾಟೆ ತಿರುವಿ ಎಳೆದರೆ ಮತ್ತೆ ದೋಣಿಗೆ.

‘ನಾವು ಬಾವ್ಯಾಗ ಹಗ್ಗ ಕೆಳಗ ಬಿಡತೇವಿ, ಇವರು ಮ್ಯಾಲ ಬಿಡತಾರ’ ಅಂದರು ಅಪ್ಪ.

ಹತ್ತುತ್ತೀರಾ ಎಂದು ಕೇಳಿದ್ದಕ್ಕೆ ಇಬ್ಬರೂ ಕೈ ಮುಗಿದರು. ಇಳಿಸುವ ಮುನ್ನ ದೋಣಿಯವರು ವೇಗ ತಗ್ಗಿಸಿ ಮೇಲಿದ್ದವರ ಕಾಲನ್ನು ನೀರಿಗೆ ಅದ್ದಿ, ಮತ್ತೆ ಎತ್ತುತ್ತಾರೆ. ಸೂಟುಬೂಟಿನ ದಪ್ಪ ಗೃಹಸ್ಥರೊಬ್ಬರು ಸೊಂಟದವರೆಗೆ ನೆನೆದು ಚೀರಿದ್ದು ನೋಡಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.