ಗಿಡ್ಡ ಕಾಲಿಗೆ ಎತ್ತರದ ಬೈಕು

ಮುಂಬೈನ ವಡಾಲದಲ್ಲಿ ಟ್ರೇಲ್ ಬೈಕು ಕೊಂಡವರು ಮಣ್ಣಿನ ಹಾದಿ ತಲುಪುವ ಮೊದಲು ಟ್ರಾಫಿಕ್ ದಾಟಬೇಕು. ಪಕ್ಕದ ಶಿವಡಿಯಿಂದ ಹೊರಡುವ ಅಟಲ್ ಸೇತುವೆ 2024ರ ಜನವರಿಯಲ್ಲಿ ತೆರೆಯಿತಾದರೂ ದ್ವಿಚಕ್ರ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಇಲ್ಲ. ಹಾಗಾಗಿ ಕರ್ಜತ್ ಕಡೆಗೆ ಹೊರಟವರಿಗೆ ಉಳಿಯುವುದು ಸಯನ್-ಪನ್ವೇಲ್ ಹೆದ್ದಾರಿ, ಅದರ ಸಿಗ್ನಲ್‌ಗಳು, ಸಿಗ್ನಲ್‌ಗೊಮ್ಮೆ ನೆಲಕ್ಕೆ ಊರಬೇಕಾದ ಕಾಲು. ಐದಡಿ ಮೂರಂಗುಲದ ಹೊಸ ಸವಾರರಿಗೆ ಕಷ್ಟ ಶುರುವಾಗುವುದೇ ಇಲ್ಲಿ.

ಈ ಬೈಕುಗಳ ಸೀಟು ಅಷ್ಟೆತ್ತರ ಇರುವುದಕ್ಕೆ ಕಾರಣವಿದೆ. ಕಲ್ಲು, ಗುಂಡಿಗಳ ಮೇಲೆ ಚಕ್ರ ಏರಿಳಿಯಲು ಜಾಗ ಬೇಕು. ಎಂಜಿನ್ನಿನ ತಳ ಕಲ್ಲಿಗೆ ಬಡಿಯಬಾರದು. ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕಿನ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಲೆಕ್ಕ ಸ್ಪಷ್ಟವಾಗುತ್ತದೆ. ಎಂಜಿನ್ ಒಂದೇ. ಸಾಮಾನ್ಯ ಮಾದರಿಯ ಗ್ರೌಂಡ್ ಕ್ಲಿಯರೆನ್ಸ್ 220 ಮಿ.ಮೀ., ಸೀಟು 825. ‘ಪ್ರೊ’ ಮಾದರಿಯಲ್ಲಿ ಕ್ಲಿಯರೆನ್ಸ್ 270ಕ್ಕೆ ಏರಿದೆ, ಸೀಟು 891ಕ್ಕೆ. ನೆಲದಿಂದ ಐದು ಸೆಂಟಿಮೀಟರ್ ಹೆಚ್ಚು ಅಂತರ ಬೇಕೆಂದರೆ ಸವಾರರ ಕಾಲು ಆರೂವರೆ ಸೆಂಟಿಮೀಟರ್ ಹೆಚ್ಚು ಚಾಚಬೇಕು.

ಆದರೆ ಕಂಪನಿ ಹೇಳುವ ಸೀಟಿನ ಎತ್ತರ ಅರ್ಧ ಮಾತು ಮಾತ್ರ. ಸವಾರರು ಕೂತೊಡನೆ ಸಸ್ಪೆನ್ಷನ್ ಕುಗ್ಗಿ ಸೀಟು ಮೂರ್ನಾಲ್ಕು ಸೆಂಟಿಮೀಟರ್ ಇಳಿಯಬಹುದು. ದಪ್ಪ ಅಟ್ಟೆಯ ಬೂಟು ಇನ್ನೆರಡು ಮೂರು ಸೆಂಟಿಮೀಟರ್ ಕೊಡುತ್ತದೆ. ಮುಂಭಾಗ ಕಿರಿದಾದ ಸೀಟಿನಲ್ಲಿ ಕಾಲು ನೇರ ಕೆಳಗಿಳಿಯುತ್ತದೆ. ಅಗಲ ಸೀಟು ತೊಡೆಗಳನ್ನು ಹಿಗ್ಗಿಸಿ ಆ ಲಾಭವನ್ನೆಲ್ಲ ನುಂಗಿಬಿಡುತ್ತದೆ. 800 ಮಿ.ಮೀ. ಎತ್ತರದ ಅಗಲ ಸೀಟಿಗಿಂತ 825ರ ಕಿರಿದಾದ ಸೀಟೇ ಕೆಲವರಿಗೆ ಹಿತವಾಗುವುದು ಇದರಿಂದ.

ಇನ್ನುಳಿದದ್ದು ತೂಕ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಸೀಟು 800 ಮಿ.ಮೀ.; 2019ರ ಎಕ್ಸ್‌ಪಲ್ಸ್ 200ರದ್ದು 823. ಕಾಗದದ ಮೇಲೆ ಹಿಮಾಲಯನ್ನೇ ಗಿಡ್ಡ ಕಾಲಿನವರ ಗೆಳೆಯ. ಆದರೆ ಅದರ ಬಿಎಸ್-6 ಮಾದರಿ 199 ಕೆ.ಜಿ. ತೂಗುತ್ತದೆ, ಎಕ್ಸ್‌ಪಲ್ಸ್ 154 ಕೆ.ಜಿ. ಬೈಕಿನ ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ., ಹ್ಯಾಂಡಲ್ 105 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. 10 ಡಿಗ್ರಿ ವಾಲಿದ ಎಕ್ಸ್‌ಪಲ್ಸನ್ನು ಹಿಡಿದು ನಿಲ್ಲಿಸಲು ಹ್ಯಾಂಡಲ್ ಬಳಿ ಸುಮಾರು 14 ಕೆ.ಜಿ. ಬಲ ಸಾಕು; ಹಿಮಾಲಯನ್ನಿಗೆ 18. ವಾಲಿದ್ದು 20 ಡಿಗ್ರಿಯಾದರೆ ಆ ಅಂಕಿಗಳು 28 ಮತ್ತು 36ಕ್ಕೆ ಜಿಗಿಯುತ್ತವೆ. ತುದಿಗಾಲಲ್ಲಿ ನಿಂತವರ ಬೈಕು ಬೀಳುವ ಮೊದಲೇ ಹೆಚ್ಚು ವಾಲಿರುತ್ತದೆ. ಅಲ್ಲಿ ಪ್ರತಿ ಕಿಲೋ ಲೆಕ್ಕಕ್ಕೆ ಬರುತ್ತದೆ.

ಎರಡೂ ಪಾದ ಊರಲೇಬೇಕೆಂಬ ಹಟವನ್ನು ಮಾತ್ರ ಬಿಡಬಹುದು. ಬೆಂಗಳೂರಿನ ಬೈಕ್ ರ್‍ಯಾಲಿ ಸವಾರೆ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅಂಥ ರ್‍ಯಾಲಿಗಳ ಬೈಕುಗಳಲ್ಲಿ 900 ಮಿ.ಮೀ. ಮೀರಿದ ಸೀಟು ಅಪರೂಪವಲ್ಲ. ಒರಟು ಹಾದಿಯಲ್ಲಿ ಸವಾರರು ಫುಟ್‌ಪೆಗ್ ಮೇಲೆ ಎದ್ದು ನಿಂತೇ ಓಡಿಸುವುದರಿಂದ ಸೀಟಿನ ಎತ್ತರ ಆಗ ಅಷ್ಟಾಗಿ ಅಡ್ಡಬರುವುದಿಲ್ಲ. ನಿಲ್ಲಿಸುವಾಗ ಸೊಂಟವನ್ನು ಸೀಟಿನ ಎಡಕ್ಕೆ ಜಾರಿಸಿ ಎಡಪಾದವನ್ನು ಪೂರ್ತಿ ಊರುತ್ತಾರೆ. ಬಲಗಾಲು ಹಿಂಬ್ರೇಕಿನ ಮೇಲೇ ಇರುತ್ತದೆ.

ಲೋವರಿಂಗ್ ಲಿಂಕ್ ಹಾಕಿಸಿ ಬೈಕನ್ನೇ ಗಿಡ್ಡ ಮಾಡುವವರಿದ್ದಾರೆ. ಹಿಂಭಾಗ ಮಾತ್ರ ತಗ್ಗಿದರೆ ಮುಂಫೋರ್ಕಿನ ಕೋನ ಬದಲಾಗಿ ತಿರುವು ಮಂದವಾಗುತ್ತದೆ, ಗ್ರೌಂಡ್ ಕ್ಲಿಯರೆನ್ಸ್ ಕಡಿಮೆಯಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವೆನಿಸಿ ಬೈಕು ನೆಟ್ಟಗೆ ನಿಂತು ಎದುರು ಬದಿಗೆ ಉರುಳಬಹುದು. ಅದಕ್ಕೆ ಮೊದಲು ಶಾಕಿನ ಸ್ಪ್ರಿಂಗ್ ಬಿಗಿತವನ್ನು (ಪ್ರಿಲೋಡ್) ಸಡಿಲಿಸಿ ನೋಡಬಹುದು, ಕಂಪನಿಯದೇ ತಗ್ಗಿನ ಸೀಟು ಇದ್ದರೆ ಕೇಳಬಹುದು. ಹಿಮಾಲಯನ್ 450ರ ಸೀಟು 825 ಮಿ.ಮೀ.; ತಗ್ಗಿನದು ಹಾಕಿಸಿದರೆ 805.

ಶೋರೂಮಿಗೆ ಚಪ್ಪಲಿಯಲ್ಲಿ ಹೋಗುವ ಬದಲು ಬೂಟು ಹಾಕಿ ಹೋಗುವುದು ಮೇಲು. ಕೂತು ಸ್ಟ್ಯಾಂಡ್ ತೆಗೆದು, ಸೊಂಟ ಜಾರಿಸಿ ಒಂದು ಪಾದ ಪೂರ್ತಿ ಊರುತ್ತದೆಯೇ ನೋಡಬೇಕು. ಬಳಿಕ ಇಳಿದು ಬೈಕನ್ನು ಹಿಂದಕ್ಕೆ ತಳ್ಳಿ ತಿರುಗಿಸಬೇಕು. ಇಷ್ಟರಲ್ಲೇ ಏದುಸಿರು ಬಂದರೆ, ಸೀಟು ಎಷ್ಟೇ ತಗ್ಗಿರಲಿ, ಇನ್ನೂ ಹಗುರವಾದ ಬೈಕನ್ನೇ ಹುಡುಕಬೇಕು.