ಗಣಕಯಂತ್ರ ಪ್ರಾರಂಭವಾಗದಿದ್ದಾಗ: ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ತರುವಾಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಣ್ಣ ವರ್ತಕರಿಗೂ ಗಣಕಯಂತ್ರವು ತಕ್ಕಡಿಯಷ್ಟೇ ಅನಿವಾರ್ಯವಾದ ಸಾಧನವಾಗಿದೆ. ಅನೇಕರಲ್ಲಿ ಅದು ಅಂಗಡಿಯಲ್ಲಿಲ್ಲ, ಮನೆಯ ಹಜಾರದಲ್ಲಿದೆ. ಹಗಲಿನಲ್ಲಿ ಮಕ್ಕಳ ಓದಿಗೆ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಲೆಕ್ಕ ಬರೆಯುವುದಕ್ಕೆ ಅದೇ ಒಂದು ಯಂತ್ರ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ 11ನೆಯ ಮತ್ತು 20ನೆಯ ತಾರೀಖುಗಳು ತಪ್ಪುವಂತಿಲ್ಲ. ಲಾರಿಗೆ ಸರಕು ಹೇರಿ ನಿಲ್ಲಿಸಿದ ಮೇಲೆ ಇ-ವೇ ಬಿಲ್ಲಿಗಾಗಿ ಕಾಯುವಂತಿಲ್ಲ. ಯಂತ್ರವು ಮೊಂಡು ಹಿಡಿಯುವುದು ಇಂತಹ ದಿನಗಳಲ್ಲಿಯೇ ಎಂಬುದು ಎಲ್ಲರ ಅನುಭವ.

ಆಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಬೇಕು." ಗಡಿಬಿಡಿಯಲ್ಲಿರುವ ವರ್ತಕರು ಹೂಂ ಎನ್ನುತ್ತಾರೆ. ಸಂಜೆಯ ವೇಳೆಗೆ ಯಂತ್ರವು ಹೊಸದರಂತೆ ಚುರುಕಾಗಿ ಮನೆಗೆ ಬರುತ್ತದೆ. ಆದರೆ ನಾಲ್ಕು ವರ್ಷಗಳ ಲೆಕ್ಕಪತ್ರ ಅದರೊಳಗಿಲ್ಲ. ಯಂತ್ರಕ್ಕೆ ಬೆಲೆಯುಂಟು, ಹಣ ಕೊಟ್ಟರೆ ಇನ್ನೊಂದು ಸಿಗುತ್ತದೆ. ಲೆಕ್ಕಪತ್ರ ಹಾಗಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೆಯ ಪ್ರಕರಣದ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳುಗಳವರೆಗೆ ಲೆಕ್ಕಪುಸ್ತಕಗಳನ್ನು ಕಾಯ್ದಿರಿಸಬೇಕು. ಗಣಕಯಂತ್ರದಲ್ಲಿ ಲೆಕ್ಕವಿಡುವವರು, ಅಪಘಾತದಿಂದ ಅದು ನಾಶವಾದರೂ ಸಕಾಲದಲ್ಲಿ ಮರಳಿ ಪಡೆಯುವಂತೆ ಪ್ರತಿಯನ್ನು ಇಟ್ಟಿರಬೇಕೆಂದು 57ನೆಯ ನಿಯಮವು ವಿಧಿಸುತ್ತದೆ. "ಫಾರ್ಮ್ಯಾಟ್ ಆಯಿತು" ಎಂಬ ಉತ್ತರವು ಅಧಿಕಾರಿಗಳ ಮುಂದೆ ನಿಲ್ಲುವುದಿಲ್ಲ.

ಪ್ರಾರಂಭದ ತೊಂದರೆಗಳಲ್ಲಿ ಬಹುಪಾಲು ವಿದ್ಯುತ್ತು, ಧೂಳು ಮತ್ತು ಒಂದು ಪುಟ್ಟ ಬ್ಯಾಟರಿಗೆ ಸಂಬಂಧಿಸಿದವು. ಇವುಗಳಿಗೂ ಹಾರ್ಡ್ ಡಿಸ್ಕಿನಲ್ಲಿರುವ ಲೆಕ್ಕಕ್ಕೂ ಯಾವ ಸಂಬಂಧವೂ ಇಲ್ಲ. ಆದುದರಿಂದ ಯಂತ್ರವು ಯಾವ ಹಂತದಲ್ಲಿ ನಿಲ್ಲುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ಗುಂಡಿ ಒತ್ತಿದಾಗ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯು ಮನೆಯ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟುಗಳಿಗೆ ಇಳಿಸಿ ಕೊಡುತ್ತದೆ. ಬಳಿಕ ಮದರ್‌ಬೋರ್ಡಿನಲ್ಲಿರುವ ಬಯಾಸ್ ಎಂಬ ತಂತ್ರಾಂಶವು ಎಲ್ಲ ಅಂಗಗಳನ್ನು ಪರೀಕ್ಷಿಸುತ್ತದೆ. ಅನಂತರವಷ್ಟೇ ಡಿಸ್ಕಿನಿಂದ ವಿಂಡೋಸ್ ಏಳುತ್ತದೆ. ಫ್ಯಾನು ತಿರುಗುವುದಿಲ್ಲ ಎಂದರೆ ಮೊದಲ ಹಂತದ ದೋಷ. ಫ್ಯಾನು ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ ಎರಡನೆಯದರದು. ಕಂಪನಿಯ ಲಾಂಛನ ಕಾಣಿಸಿದ ಮೇಲೆ ತೊಂದರೆ ಬಂದರೆ ಮಾತ್ರ ಡಿಸ್ಕ್ ಅಥವಾ ವಿಂಡೋಸನ್ನು ಸಂಶಯಿಸಬಹುದು.

ವಿದ್ಯುತ್ತಿನ ಚೇಷ್ಟೆಗಳು

ಟಿ.ಸಿ.ಯಿಂದ ದೂರದಲ್ಲಿ, ತಂತಿಯ ಕೊನೆಯಲ್ಲಿರುವ ಮನೆಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಬೆಳಗ್ಗೆ ಏಳುವ ಯಂತ್ರ ಸಂಜೆ ಏಳದಿದ್ದರೆ ಮೊದಲು ನೋಡಬೇಕಾದುದು ಇದನ್ನೇ. ಸಾಮಾನ್ಯ ಯು.ಪಿ.ಎಸ್. ಈ ಏರಿಳಿತವನ್ನು ತಕ್ಕಮಟ್ಟಿಗೆ ತಡೆಯಬಲ್ಲುದು; ಆದರೆ ಅದರೊಳಗಿನ 12 ವೋಲ್ಟಿನ ಬ್ಯಾಟರಿಯ ಆಯುಷ್ಯ ಎರಡು-ಮೂರು ವರ್ಷ. ಬ್ಯಾಟರಿ ಸತ್ತಿದ್ದರೂ ಯು.ಪಿ.ಎಸ್.ನ ದೀಪ ಉರಿಯುತ್ತಲೇ ಇರುತ್ತದೆ. ಕರೆಂಟು ಒಂದು ಕ್ಷಣ ಕಣ್ಣು ಮಿಟುಕಿಸಿದರೆ ಸಾಕು, ಯಂತ್ರ ಮತ್ತೆ ಮೊದಲಿನಿಂದ ಪ್ರಾರಂಭವಾಗುತ್ತದೆ. ಇದನ್ನು ವೈರಸ್ಸೆಂದು ಭಾವಿಸುವವರು ಬಹಳ ಮಂದಿ. ಯು.ಪಿ.ಎಸ್. ತೆಗೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿದರೆ ನಿಜ ತಿಳಿಯುತ್ತದೆ. ಬೀಪ್ ಸದ್ದು ಬರುತ್ತಿರುವುದು ಯು.ಪಿ.ಎಸ್.ನಿಂದಲೋ ಕಂಪ್ಯೂಟರಿನಿಂದಲೋ ಎಂಬುದನ್ನೂ ಕಿವಿಗೊಟ್ಟು ಕೇಳಬೇಕು. ಎರಡಕ್ಕೂ ಅರ್ಥ ಬೇರೆ.

ಮನೆಯ ಇನ್ವರ್ಟರಿನಿಂದಲೇ ಕಂಪ್ಯೂಟರ್ ನಡೆಸುವವರು ಅದರ ಹಿಂಬದಿಯನ್ನು ಒಮ್ಮೆ ನೋಡಬೇಕು. ಬಹುತೇಕ ಇನ್ವರ್ಟರುಗಳಲ್ಲಿ ಯು.ಪಿ.ಎಸ್. ಮತ್ತು ನಾರ್ಮಲ್ ಎಂದು ಎರಡು ಸ್ಥಾನಗಳ ಗುಂಡಿ ಇರುತ್ತದೆ. ನಾರ್ಮಲ್‌ನಲ್ಲಿ ಬದಲಾವಣೆ ನಿಧಾನ. ಫ್ಯಾನಿಗೂ ದೀಪಕ್ಕೂ ಅದು ಸಾಕು, ಕಂಪ್ಯೂಟರಿಗೆ ಸಾಲದು. ಆ ಒಂದು ಗುಂಡಿಯನ್ನು ಸರಿಸಿದರೆ ಎಷ್ಟೋ "ತಾನಾಗಿಯೇ ರೀಸ್ಟಾರ್ಟ್" ಆಗುವ ಯಂತ್ರಗಳ ಚಪಲ ನಿಂತುಹೋಗುತ್ತದೆ.

ಇನ್ನೊಂದು ವಿಚಿತ್ರ: ಚಳಿಗಾಲದ ಬೆಳಗ್ಗೆ ಗುಂಡಿಯನ್ನು ಮೂರು-ನಾಲ್ಕು ಬಾರಿ ಒತ್ತಿದ ಮೇಲೆ ಮಾತ್ರ ಏಳುವ ಯಂತ್ರ. ಒಮ್ಮೆ ಬಿಸಿಯಾದರೆ ದಿನವಿಡೀ ಸರಿ. ಇದು ಎಸ್.ಎಂ.ಪಿ.ಎಸ್. ಅಥವಾ ಮದರ್‌ಬೋರ್ಡಿನ ಕೆಪಾಸಿಟರುಗಳು ಸೊರಗಿವೆ ಎಂಬುದರ ಲಕ್ಷಣ. ಪುಟ್ಟ ಡಬ್ಬಿಯಂತಹ ಇವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಅದರ ಕಾಲ ಮುಗಿಯಿತು. 2000ದ ದಶಕದ ಮೊದಲ ಭಾಗದಲ್ಲಿ ಕಳಪೆ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ಅಸಂಖ್ಯಾತ ಮದರ್‌ಬೋರ್ಡುಗಳು ಕೆಟ್ಟವು. ಎಸ್.ಎಂ.ಪಿ.ಎಸ್. ಬದಲಿಸುವುದು ಹತ್ತು ನಿಮಿಷಗಳ ಕೆಲಸ. ಆದರೆ ಆ ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. 230 ವೋಲ್ಟಿನ ವಿದ್ಯುತ್ತು ಅದರೊಳಗೆ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ತಾಗುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಅಲ್ಲಿಯೇ ಉಳಿದಿರುತ್ತದೆ.

ಕ್ಯಾಬಿನೆಟ್ಟನ್ನು ಮುಟ್ಟಿದರೆ ಜುಂ ಎನ್ನುತ್ತದೆಯೆ? ಅರ್ತಿಂಗ್ ಇಲ್ಲವೆಂದು ತಿಳಿಯಬೇಕು. ಎಸ್.ಎಂ.ಪಿ.ಎಸ್.ನ ಶೋಧಕ ಭಾಗವು ಒಂದಿಷ್ಟು ವಿದ್ಯುತ್ತನ್ನು ಕವಚಕ್ಕೆ ಬಿಡುವಂತೆಯೇ ರಚಿತವಾಗಿದೆ. ಅದು ಭೂಮಿಗೆ ಇಳಿಯಲು ದಾರಿಯಿಲ್ಲದಿದ್ದಾಗ ಕವಚದ ಮೇಲೆ ಮನೆಯ ವೋಲ್ಟೇಜಿನ ಅರ್ಧದಷ್ಟು ನಿಲ್ಲುತ್ತದೆ. ಪ್ರಿಂಟರಿನ ಕೇಬಲ್ ಚುಚ್ಚುವಾಗ ಯು.ಎಸ್.ಬಿ. ಕಿಂಡಿ ಸುಡುವುದಕ್ಕೆ ಇದೂ ಒಂದು ಕಾರಣ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಹಳೆಯ ಪದ್ಧತಿ ಮೂಢನಂಬಿಕೆಯಲ್ಲ.

ಧೂಳು, ಹಲ್ಲಿ ಮತ್ತು ರ‍್ಯಾಮ್

ಕೃಷ್ಣರಾಜನಗರದ ಅಕ್ಕಿ ಗಿರಣಿಗಳ ತೌಡಿನ ಧೂಳು, ಪಿರಿಯಾಪಟ್ಟಣ ಮತ್ತು ಹುಣಸೂರಿನ ತಂಬಾಕಿನ ಪುಡಿ, ಕೋಟೆ ಭಾಗದ ಹತ್ತಿಯ ನಾರು, ಇವೆಲ್ಲವನ್ನೂ ಕಂಪ್ಯೂಟರಿನ ಫ್ಯಾನು ಒಳಗೆಳೆದುಕೊಳ್ಳುತ್ತದೆ. ಗಿರಣಿಯ ಕಚೇರಿಯಲ್ಲಿರುವ ಯಂತ್ರವೊಂದನ್ನು ವರ್ಷದ ಬಳಿಕ ತೆರೆದರೆ ಪ್ರೊಸೆಸರಿನ ಮೇಲೆ ಕಂಬಳಿ ಹೊದಿಸಿದಂತಿರುತ್ತದೆ. ಯಂತ್ರ ಏಳುತ್ತದೆ, ಐದು ಹತ್ತು ನಿಮಿಷ ನಡೆಯುತ್ತದೆ, ಶಾಖ ಏರಿದಾಗ ತನ್ನನ್ನು ರಕ್ಷಿಸಿಕೊಳ್ಳಲು ತಾನೇ ಆರುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತದೆ. ಪ್ಲಗ್ ಕಿತ್ತು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರಿನಿಂದ ಊದಿದರೆ ಸಾಕು. ಬೆಚ್ಚಗಿನ ಜಾಗವೆಂದು ಒಳಸೇರಿದ ಹಲ್ಲಿಯೊಂದು ಯಂತ್ರವನ್ನೇ ಸುಟ್ಟು ತಾನೂ ಸಾಯುವುದು ನಮ್ಮ ಕಡೆ ಅಪರೂಪವಲ್ಲ. ಕ್ಯಾಬಿನೆಟ್ಟಿನ ಹಿಂಬದಿಯ ಖಾಲಿ ಸೀಳುಗಳಿಗೆ ತಗಡಿನ ಪಟ್ಟಿ ಹಾಕಿಸಬೇಕು.

ಫ್ಯಾನು ತಿರುಗಿ, ಪರದೆ ಕಪ್ಪಾಗಿ, ಒಳಗಿನಿಂದ ಬೀಪ್ ಸದ್ದು ಮರುಕಳಿಸುತ್ತಿದ್ದರೆ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಕೂರಿಸಬೇಕು. ಬೀಪುಗಳ ಸಂಖ್ಯೆಯ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ದೂರವಾಣಿಯಲ್ಲಿ ಮೆಕ್ಯಾನಿಕ್‌ಗೆ ತಿಳಿಸುವಾಗ ಎಷ್ಟು ಬೀಪು, ಉದ್ದವೋ ಗಿಡ್ಡವೋ ಎಂದು ಹೇಳುವುದು ಉಪಯುಕ್ತ. ಹಿಂದೆ ಚುಚ್ಚಿ ಮರೆತ ಪೆನ್‌ಡ್ರೈವ್‌ನಿಂದಲೂ ಯಂತ್ರವು ಬೂಟ್ ಡಿಸ್ಕ್ ಸಿಗಲಿಲ್ಲವೆಂದು ದೂರುವುದುಂಟು. ಅದನ್ನು ಕೀಳುವುದಕ್ಕೆ ಯಾವ ಪರಿಣತಿಯೂ ಬೇಡ.

ನಾಣ್ಯದಷ್ಟು ಬ್ಯಾಟರಿಯ ಆಟ

ಮದರ್‌ಬೋರ್ಡಿನ ಮೇಲೆ ಸಿ.ಆರ್. 2032 ಎಂಬ, ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯೊಂದಿದೆ. ವಿದ್ಯುತ್ತಿಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅನೇಕ ಯಂತ್ರಗಳಲ್ಲಿ ಬಯಾಸ್‌ನ ಆಯ್ಕೆಗಳನ್ನು ನೆನಪಿಡುವುದೂ ಅದೇ. ಕೆಲವೇ ವರ್ಷಗಳಲ್ಲಿ ಅದು ಕ್ಷೀಣಿಸುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸುವ ಮನೆಗಳಲ್ಲಿ ಬೆಳಗ್ಗೆ ಯಂತ್ರವು ಎಫ್ 1 ಒತ್ತಿರೆಂದು ಬೇಡುತ್ತಿದ್ದರೆ, ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ, ಇದೇ ಕಾರಣ.

ತಾರೀಖು ತಪ್ಪಿದ ಯಂತ್ರದಲ್ಲಿ ಜಿ.ಎಸ್.ಟಿ. ಜಾಲತಾಣವು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬಂದು ಬಾಗಿಲು ಮುಚ್ಚುತ್ತದೆ. ಜಾಲತಾಣದ ಪ್ರಮಾಣಪತ್ರಕ್ಕೆ ಪ್ರಾರಂಭ ಮತ್ತು ಮುಕ್ತಾಯದ ದಿನಗಳಿವೆ. ನಿಮ್ಮ ಯಂತ್ರವು ಆ ಅವಧಿಗೆ ಹಿಂದಿನ ವರ್ಷದಲ್ಲಿ ನಿಂತಿರುವುದರಿಂದ ಅದನ್ನು ಒಪ್ಪುವುದಿಲ್ಲ. ಅಂತರಜಾಲ ಕೆಟ್ಟಿದೆಯೆಂದು ತಂತಿಯನ್ನು ಎಳೆದಾಡುತ್ತಾ 20ನೆಯ ತಾರೀಖನ್ನು ಕಳೆದರೆ ವಿಳಂಬ ಶುಲ್ಕ ತಪ್ಪದು. ಇದಕ್ಕಿಂತಲೂ ಹಾನಿಕರವಾದುದು, ಯಂತ್ರದ ತಾರೀಖನ್ನೇ ಎತ್ತಿಕೊಂಡು ಬಿಲ್ಲು ಮುದ್ರಿಸುವ ತಂತ್ರಾಂಶ. ಹತ್ತು ಗಿರಾಕಿಗಳ ಕೈಗೆ ತಪ್ಪು ದಿನಾಂಕದ ಬಿಲ್ಲು ಹೋದ ಮೇಲೆಯೇ ಅದು ಕಣ್ಣಿಗೆ ಬೀಳುವುದು.

ಇನ್ನೂ ಒಂದು ಅಪಾಯವಿದೆ. ಬ್ಯಾಟರಿ ಸತ್ತಾಗ ಬಯಾಸ್ ಆಯ್ಕೆಗಳು ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಡಿಸ್ಕಿನೊಡನೆ ಮಾತನಾಡುವ ರೀತಿಯನ್ನು ವಿಂಡೋಸ್ ಹಾಕುವಾಗ ಎ.ಎಚ್.ಸಿ.ಐ. ಎಂದು ಇಟ್ಟಿದ್ದು, ಈಗ ಅದು ಐ.ಡಿ.ಇ. ಅಥವಾ ರೇಡ್ ಎಂದು ಬದಲಾದರೆ ವಿಂಡೋಸ್ ಏಳದೆ ನೀಲಿ ಪರದೆ ತೋರಿಸುತ್ತದೆ. ಡಿಸ್ಕಿಗೆ ಏನೂ ಆಗಿಲ್ಲ, ವಿಂಡೋಸಿಗೂ ಏನೂ ಆಗಿಲ್ಲ. ಬ್ಯಾಟರಿ ಬದಲಿಸಿ, ಆ ಒಂದು ಆಯ್ಕೆಯನ್ನು ಹಿಂದಿನಂತೆ ಇಟ್ಟರೆ ಯಂತ್ರ ಏಳುತ್ತದೆ. ಇದು ತಿಳಿಯದೆ ಫಾರ್ಮ್ಯಾಟ್ ಮಾಡಿದರೆ, ಕೆಲವೇ ಹತ್ತು ರೂಪಾಯಿಗಳ ಬ್ಯಾಟರಿಗಾಗಿ ವರ್ಷಗಳ ಲೆಕ್ಕವನ್ನು ತೆತ್ತಂತಾಯಿತು. ಯಂತ್ರ ಚೆನ್ನಾಗಿರುವಾಗಲೇ ಬಯಾಸ್‌ನ ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಜಾಣತನ.

ವಿಂಡೋಸ್‌ನಲ್ಲಿಯೇ ತೊಂದರೆಯಿದ್ದಾಗ

2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ "ಫಾಸ್ಟ್ ಸ್ಟಾರ್ಟಪ್" ಎಂಬ ಸೌಲಭ್ಯವಿದೆ. ಅದು ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಒತ್ತಿದರೂ ಯಂತ್ರ ಪೂರ್ತಿ ಮುಚ್ಚುವುದಿಲ್ಲ. ವಿಂಡೋಸಿನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ದೋಷವೂ ಅದರೊಡನೆ ಎದ್ದು ಬರುತ್ತದೆ. ಬೆಳಗ್ಗೆ ಪ್ರಿಂಟರ್ ಕಾಣಿಸದಿರುವುದು, ಪರದೆ ಕಪ್ಪಾಗಿರುವುದು, ಆದರೆ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿಹೋಗುವುದು, ಇದಕ್ಕೆ ಕಾರಣ ಇದೇ. ರೀಸ್ಟಾರ್ಟ್‌ನಲ್ಲಿ ಮಾತ್ರ ಯಂತ್ರ ಪೂರ್ತಿ ಮುಚ್ಚಿ ತೆರೆಯುತ್ತದೆ. ಶಿಫ್ಟ್ ಕೀಲಿಯನ್ನು ಹಿಡಿದು ಶಟ್‌ಡೌನ್ ಒತ್ತಿದರೂ ಪೂರ್ತಿ ಮುಚ್ಚುತ್ತದೆ. ದೀಪ ಆರುವ ಮುನ್ನವೇ ಯು.ಪಿ.ಎಸ್. ಆರಿಸುವ ಅಭ್ಯಾಸವನ್ನು ಬಿಡುವುದು ಒಳಿತು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅದಕ್ಕೆ ಸೂಚಿಸಲಾದ ಪರಿಹಾರ ಫಾರ್ಮ್ಯಾಟ್ ಅಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಕಡತವನ್ನು ಅಳಿಸುವುದು. ನೀಲಿ ಪರದೆ ಕಂಡೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಿಲ್ಲ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ, ಅಥವಾ "ರಿಪೇರಿ" ಎಂಬ ಸಂದೇಶ ದಿನವೂ ಮರಳಿ ಬರುತ್ತಿದ್ದರೆ ಮಾತ್ರ ಡಿಸ್ಕ್ ಸಾಯುತ್ತಿದೆ ಎಂದು ಭಾವಿಸಬೇಕು. ಆಗ ಚೆಕ್‌ಡಿಸ್ಕ್ ಓಡಿಸುವುದೇ ತಪ್ಪು; ಸೊರಗಿದ ಡಿಸ್ಕನ್ನು ಅದು ಇನ್ನಷ್ಟು ದುಡಿಸುತ್ತದೆ. ಮೊದಲು ಡಿಸ್ಕನ್ನು ಬಿಚ್ಚಿ, ಬೇರೊಂದು ಯಂತ್ರಕ್ಕೆ ಜೋಡಿಸಿ, ಲೆಕ್ಕದ ಪ್ರತಿ ತೆಗೆಯಬೇಕು. ಮಿಕ್ಕದ್ದೆಲ್ಲ ಆಮೇಲೆ.

ಹೊಸ ವಿಂಡೋಸ್ 11 ಯಂತ್ರ ಕೊಂಡವರಿಗೆ ಪ್ರತ್ಯೇಕವಾದ ಎಚ್ಚರಿಕೆ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರಾರಂಭಿಸಿದ ಇಂತಹ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಪರಿವರ್ತನೆಗೊಂಡಿರುವುದು ಸಾಮಾನ್ಯ. ಬಯಾಸ್ ಬದಲಾದರೆ ಅಥವಾ ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುತ್ತದೆ. ಕೀಲಿಯಿಲ್ಲದೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೂ ಲೆಕ್ಕ ಸಿಗದು. ಆ ಕೀಲಿ ಇರುವುದು ಮೊದಲ ದಿನ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯ ಹುಡುಗ ತನ್ನದೇ ಇ-ಮೇಲ್ ಹಾಕಿ ಯಂತ್ರವನ್ನು ಸಜ್ಜುಗೊಳಿಸಿಕೊಟ್ಟಿದ್ದರೆ ನಿಮ್ಮ ತಿಜೋರಿಯ ಕೀಲಿ ಅವನ ಜೇಬಿನಲ್ಲಿದೆ. ಇಂದೇ ನಿಮ್ಮ ಖಾತೆಗೆ ಬದಲಿಸಿ, ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳುವುದು ಅವಶ್ಯ.

ರಿಪೇರಿಗೆ ಕೊಡುವಾಗ

ಯಂತ್ರವನ್ನು ಕೊಡುವಾಗ ಚೀಟಿಯೊಂದನ್ನು ಅಂಟಿಸುವುದು ಲೇಸು: ತೊಂದರೆ ಯಾವಾಗ ಬರುತ್ತದೆ, ಪರದೆಯ ಮೇಲೆ ಏನು ಬರೆದಿರುತ್ತದೆ, ಮತ್ತು ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡತಕ್ಕದ್ದಲ್ಲ. "ಡೇಟಾ ಬ್ಯಾಕಪ್ ತೆಗೆದಿದ್ದೇವೆ" ಎಂಬ ಮಾತನ್ನು ಅಷ್ಟಕ್ಕೇ ನಂಬಬಾರದು. ಅನೇಕರು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ನಕಲಿಸುತ್ತಾರೆ. ಮಕ್ಕಳ ಫೋಟೋಗಳು ಉಳಿಯುತ್ತವೆ, ಟ್ಯಾಲಿ ಹೋಗುತ್ತದೆ. ಟ್ಯಾಲಿಯ ಲೆಕ್ಕವು ಡೇಟಾ ಎಂಬ ಫೋಲ್ಡರಿನೊಳಗೆ ಕೇವಲ ಅಂಕಿಗಳ ಹೆಸರುಳ್ಳ ಫೋಲ್ಡರುಗಳಲ್ಲಿರುತ್ತದೆ. ಅದು ಎಲ್ಲಿದೆ ಎಂಬುದನ್ನು ತಂತ್ರಾಂಶದಲ್ಲಿಯೇ ನೋಡಿ ಚೀಟಿಯಲ್ಲಿ ಬರೆದುಕೊಡಬೇಕು. ಒಂದು ವೇಳೆ ಅಳಿಸಿಹೋಗಿದ್ದರೆ ಆ ಕ್ಷಣವೇ ಯಂತ್ರವನ್ನು ಆರಿಸಿ ಮುಂದೆ ಏನನ್ನೂ ಬರೆಯದಂತೆ ನೋಡಿಕೊಳ್ಳಬೇಕು. ಹಳೆಯ ಹಾರ್ಡ್ ಡಿಸ್ಕಿನಿಂದ ಅಳಿದದ್ದನ್ನು ತಜ್ಞರು ಹಲವು ಬಾರಿ ಮರಳಿ ತೆಗೆಯಬಲ್ಲರು. ಈಗಿನ ಎಸ್.ಎಸ್.ಡಿ.ಗಳಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಬೇಗನೆ ಬರಿದುಮಾಡುವುದರಿಂದ ಆ ಭರವಸೆ ಕಡಿಮೆ.

ಎರಡು ಪೆನ್‌ಡ್ರೈವ್‌ಗಳನ್ನು ಕೊಂಡು ಒಂದು ವಾರ ಒಂದರಲ್ಲಿ, ಮರುವಾರ ಮತ್ತೊಂದರಲ್ಲಿ ಪ್ರತಿ ತೆಗೆಯಬೇಕು. ಲೆಕ್ಕ ಮನೆಯಲ್ಲಿದ್ದರೆ ಪೆನ್‌ಡ್ರೈವ್ ಅಂಗಡಿಯಲ್ಲಿರಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ದಿನಗಳಲ್ಲಿ ಕರೆಂಟಿನ ಪ್ಲಗ್ಗಿನೊಡನೆ ಮೋಡೆಮ್‌ನಿಂದ ಬರುವ ತಂತಿಯನ್ನೂ ಕಿತ್ತಿಡತಕ್ಕದ್ದು. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ.