ಕತ್ತಲಕೋಣೆಯೆಂಬ ಯಂತ್ರ

ಛಾಯಾಗ್ರಹಣದ ಹವ್ಯಾಸವುಳ್ಳವರು ತಮ್ಮ ಕ್ಯಾಮೆರಾದ ಗುಣಾತಿಶಯಗಳನ್ನೂ ಅದರ ಮಸೂರದ ಸೂಕ್ಷ್ಮತೆಯನ್ನೂ ಕುರಿತು ಗಂಟೆಗಟ್ಟಲೆ ಮಾತನಾಡುವುದುಂಟು. ಆದರೆ ಆ ಕ್ಯಾಮೆರಾ ಹಿಡಿದುಕೊಟ್ಟ ನೆಗೆಟಿವನ್ನು ಗೋಡೆಗೆ ತೂಗುಹಾಕತಕ್ಕ ಚಿತ್ರವನ್ನಾಗಿ ಪರಿವರ್ತಿಸುವ ಕತ್ತಲಕೋಣೆಯೂ ಸ್ವತಃ ಒಂದು ಯಂತ್ರವೆಂಬುದನ್ನು ನೆನೆಯುವವರು ವಿರಳ. ಬೆಳಕು ನುಸುಳದ ಕವಚ, ಬಿಂಬವನ್ನು ಮೂಡಿಸುವ ಮಸೂರ, ಬೆಳಕಿನ ಅವಧಿಯನ್ನು ಅಳೆಯುವ ಸಾಧನ, ಆ ಬೆಳಕನ್ನು ಗ್ರಹಿಸುವ ರಜತಲವಣದ ಲೇಪ, ಕ್ಯಾಮೆರಾದಲ್ಲಿರುವ ಈ ನಾಲ್ಕೂ ಕತ್ತಲಕೋಣೆಯಲ್ಲಿಯೂ ಇವೆ. ಭೇದವೇನೆಂದರೆ ಇಲ್ಲಿ ಕೋಣೆಯ ಗೋಡೆಗಳೇ ಕವಚ, ಮತ್ತು ಕೆಲಸ ಮಾಡುವವನು ಯಂತ್ರದ ಹೊರಗೆ ನಿಲ್ಲದೆ ಅದರ ಒಳಗೇ ನಿಂತಿರುತ್ತಾನೆ. ಆದುದರಿಂದ ಬಳಕೆ ತಪ್ಪಿದ ಉಗ್ರಾಣವನ್ನೋ ಎರಡನೆಯ ಬಚ್ಚಲುಮನೆಯನ್ನೋ ಈ ಕಾರ್ಯಕ್ಕೆಂದು ದುರಸ್ತಿ ಮಾಡಿಸಹೊರಟವರು, ನೆಗೆಟಿವಿನ ಬಿಂಬವನ್ನು ಹಿಗ್ಗಿಸುವ ಎನ್‌ಲಾರ್ಜರನ್ನು ಮೊದಲು ಕೊಂಡು ತಂದು ಆಮೇಲೆ ಅದನ್ನಿಡಲು ಜಾಗ ಹುಡುಕುವ ರೂಢಿಯನ್ನು ಬಿಟ್ಟು, ಕೋಣೆಯನ್ನೇ ಯಂತ್ರದ ಮೊದಲನೆಯ ಭಾಗವೆಂದು ಬಗೆದು ಅಲ್ಲಿಂದ ಆರಂಭಿಸುವುದು ಮೇಲು.

ಎಷ್ಟು ಕತ್ತಲೆ ಬೇಕು? ಬಿಸಿಲಿನಿಂದ ಬಂದು ಕದವಿಕ್ಕಿಕೊಂಡವನಿಗೆ ಯಾವ ಕೋಣೆಯಾದರೂ ಕಗ್ಗತ್ತಲೆಯಾಗಿಯೇ ಕಾಣುತ್ತದೆ. ಮಂದಪ್ರಕಾಶವನ್ನು ಗ್ರಹಿಸುವ ಕಣ್ಣಿನ ದಂಡಕೋಶಗಳು ತಮ್ಮ ಪೂರ್ಣ ಶಕ್ತಿಯನ್ನು ಮರಳಿ ಪಡೆಯಲು ಸುಮಾರು ಅರ್ಧ ಗಂಟೆ ಹಿಡಿಯುವುದರಿಂದ, ನಡುಹಗಲಿನಲ್ಲಿ ಅಷ್ಟು ಹೊತ್ತು ಒಳಗೆ ಸುಮ್ಮನೆ ಕುಳಿತವನಿಗೆ ಮಾತ್ರ ಬಾಗಿಲಿನ ಕೆಳಸಂದಿ, ಬೀಗದ ಕಿಂಡಿ, ಚೌಕಟ್ಟು ಗೋಡೆಯಿಂದ ಬಿಟ್ಟುಕೊಂಡ ಬಿರುಕು, ಇವು ಒಂದೊಂದಾಗಿ ಗೋಚರವಾಗುತ್ತವೆ. ತಾರಸಿಯ ಮನೆಯಲ್ಲಿ ಕದದ ಸುತ್ತ ರಬ್ಬರ್ ಪಟ್ಟಿ, ಒಳಗಡೆ ಎರಡು ಪದರದ ಕಪ್ಪು ಪರದೆ, ವೆಂಟಿಲೇಟರಿಗೊಂದು ಹಲಗೆ, ಇಷ್ಟರಿಂದ ಕೆಲಸ ಸಾಗೀತು. ಮಲೆನಾಡು ಕರಾವಳಿಗಳ ಮಂಗಳೂರು ಹೆಂಚಿನ ಮನೆಗಳಲ್ಲಾದರೋ ಗಾಜಿನ ಹೆಂಚನ್ನು ತೆಗೆಸಿದ ಮಾತ್ರಕ್ಕೆ ತೊಡಕು ಮುಗಿಯುವುದಿಲ್ಲ. ಹೆಂಚಿಗೆ ಹೆಂಚು ಕೂಡುವ ಎಡೆಗಳಲ್ಲೆಲ್ಲ ಬೆಳಕು ಸೂಸುವುದರಿಂದ, ಬಡಗಿಯನ್ನು ಕರೆಯಿಸಿ ಒಳಗೊಂದು ಪ್ಲೈವುಡ್ಡಿನ ಮುಚ್ಚಿಗೆ ಹೊಡೆಸಬೇಕು, ಇಲ್ಲವೆ ರಾತ್ರಿಯಲ್ಲಿ ಮಾತ್ರ ಕೆಲಸ ಮಾಡುವೆನೆಂದು ನಿಶ್ಚಯಿಸಿಕೊಳ್ಳಬೇಕು. ಬಹುಮಂದಿ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಖರ್ಚೂ ಕಡಿಮೆ, ಮನೆಯವರ ಗೊಣಗಾಟವೂ ಕಡಿಮೆ.

ಫಿಲ್ಮಿಗೆ ಬೇಕಾದ ಕತ್ತಲೆ ಬೇರೆ, ಕಾಗದಕ್ಕೆ ಬೇಕಾದ ಕತ್ತಲೆ ಬೇರೆ. ಸಿಲ್ವರ್ ಬ್ರೋಮೈಡು ಸ್ವಭಾವತಃ ನೇರಿಳೆ ಮತ್ತು ನೀಲಿ ಕಿರಣಗಳಿಗೆ ಮಾತ್ರ ವಶವಾಗತಕ್ಕ ವಸ್ತು. ಅದರ ಹರಳಿನೊಳಗೆ ಎಲೆಕ್ಟ್ರಾನೊಂದನ್ನು ಬಂಧನದಿಂದ ಬಿಡಿಸಲು ಬೇಕಾದ ಶಕ್ತಿ ಕೆಂಪು ಬೆಳಕಿನ ಕಣಕ್ಕೆ ಇಲ್ಲ. ಲೇಪಕ್ಕೆ ತಕ್ಕ ಬಣ್ಣಗಳನ್ನು ಬೆರೆಸಿದರೆ ಅದು ಹಸುರು ಮೊದಲಾದ ಕಿರಣಗಳನ್ನೂ ಗ್ರಹಿಸಬಲ್ಲುದೆಂದು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡನು. ಆ ಮಾರ್ಗವನ್ನೇ ಹಿಡಿದು ಬೆಳೆದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಸಕಲ ವರ್ಣಗಳನ್ನೂ ಕಾಣುವುದರಿಂದ ಅದನ್ನು ತೊಟ್ಟಿಗೆ ಸುತ್ತುವಾಗ ಯಾವ ದೀಪವೂ ಕೂಡದು. ಮುದ್ರಣದ ಕಾಗದವನ್ನು ಮಾತ್ರ ತಯಾರಕರು ಕೆಂಪಿಗೆ ಬುದ್ಧಿಪೂರ್ವಕವಾಗಿ ಕುರುಡಾಗಿಯೇ ಉಳಿಸಿದ್ದಾರೆ, ಅದರ ಫಲವಾಗಿಯೇ ನಮಗೆ ಸೇಫ್‌ಲೈಟಿನ ಭಾಗ್ಯ. ಹದಿನೈದು ವ್ಯಾಟಿನ ಬಲ್ಬು, ಅದರ ಮುಂದೆ ಕಾಗದದ ತಯಾರಕರು ಸೂಚಿಸಿದ ಕಂದುಹಳದಿ ಅಥವಾ ಕೆಂಪು ಗಾಜು, ಕಾಗದದಿಂದ ನಾಲ್ಕು ಅಡಿಗೆ ಕಡಮೆಯಿಲ್ಲದ ದೂರ, ಇದು ವಾಡಿಕೆ.

ಆದರೆ ದೀಪ ಕೆಂಪಾಗಿ ಕಂಡಿತೆಂದು ಅದು ನಿರಪಾಯಕಾರಿಯೆಂದು ನಂಬತಕ್ಕದ್ದಲ್ಲ. ಇದಕ್ಕೊಂದು ನಾಣ್ಯದ ಪರೀಕ್ಷೆಯಿದೆ. ಸೇಫ್‌ಲೈಟನ್ನೂ ಆರಿಸಿ, ಕಾಗದದ ತುಂಡೊಂದಕ್ಕೆ ತಿಳಿಬೂದಿ ಬಣ್ಣ ಬರುವಷ್ಟು ಬೆಳಕನ್ನು ಎನ್‌ಲಾರ್ಜರಿನಿಂದ ಮೊದಲು ಕೊಟ್ಟು, ಬಳಿಕ ಅದರ ಮೇಲೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು, ಸೇಫ್‌ಲೈಟಿನ ಕೆಳಗೆ ಏಳೆಂಟು ನಿಮಿಷ ಬಿಟ್ಟು ಡೆವಲಪ್ ಮಾಡಬೇಕು. ಬೂದಿಯ ನಡುವೆ ನಾಣ್ಯದ ಸುತ್ತಳತೆಯ ತಿಳಿಯಾದ ವೃತ್ತವೊಂದು ತೋರಿತೆಂದರೆ ದೀಪ ನಂಬಿಕೆಗೆ ಅರ್ಹವಲ್ಲ. ಬರಿಯ ಬಿಳಿಯ ಕಾಗದದ ಮೇಲೆಯೇ ಏಕೆ ನಾಣ್ಯವನ್ನಿಡಬಾರದೆಂದರೆ, ಒಂದು ಮಿತಿಯನ್ನು ದಾಟುವವರೆಗೆ ಕಾಗದವು ಬೆಳಕಿಗೆ ಜಗ್ಗುವುದಿಲ್ಲ. ಆ ಮಿತಿಗಿಂತ ಕೆಳಗಿನ ಸೋರಿಕೆ ಬಿಳಿಯನ್ನು ಕೆಡಿಸದಿದ್ದರೂ, ಬಿಂಬದ ಬೆಳಕು ಆಗಲೇ ಬಿದ್ದ ತಾಣದಲ್ಲಿ ಅದರೊಡನೆ ಕೂಡಿಕೊಂಡು ಚಿತ್ರವನ್ನು ಮಂಕುಗೊಳಿಸುತ್ತದೆ.

ಗೋಡೆಗೆಲ್ಲ ಕಪ್ಪು ಬಳಿಸುವ ಹುಚ್ಚನ್ನು ಕುರಿತು ಒಂದು ಮಾತು. ಎನ್‌ಲಾರ್ಜರಿನ ಹಿಂದುಮುಂದಿನ ಗೋಡೆಗೆ ಕಪ್ಪು ಬೇಕು, ನಿಜ. ಅದರ ತಲೆಯಿಂದ ಚೆಲ್ಲುವ ಬಿಳಿಯ ಬೆಳಕು ಪ್ರತಿಫಲಿಸಿ ಕಾಗದದ ಮೇಲೆ ಬೀಳಬಾರದು. ಉಳಿದ ಗೋಡೆಗಳಿಗೆ ತಿಳಿಬಣ್ಣವೇ ಲೇಸು, ಏಕೆಂದರೆ ಅವುಗಳಿಂದ ಪ್ರತಿಫಲಿಸತಕ್ಕದ್ದು ನಿರಪಾಯವಾದ ಸೇಫ್‌ಲೈಟಿನ ಬೆಳಕೇ ಅಲ್ಲದೆ ಬೇರೆಯಲ್ಲ, ಮತ್ತು ಅದರಿಂದ ಒಂದೇ ಸಣ್ಣ ದೀಪದಲ್ಲಿ ಇಡೀ ಕೋಣೆ ಕಣ್ಣಿಗೆ ತಿಳಿಯುತ್ತದೆ.

ಕೋಣೆಯನ್ನು ಒಣಭಾಗ, ಹಸಿಭಾಗವೆಂದು ಇಬ್ಭಾಗಿಸುವುದು ಮುಂದಿನ ಕೆಲಸ. ಒಂದು ಬದಿಗೆ ಎನ್‌ಲಾರ್ಜರು, ಕಾಗದ, ನೆಗೆಟಿವುಗಳು. ಎದುರು ಬದಿಗೆ ಬಿಂಬವನ್ನು ಮೂಡಿಸುವ ಡೆವಲಪರು, ಅದನ್ನು ತಡೆದು ನಿಲ್ಲಿಸುವ ಆಸಿಡ್ಡು, ಚಿತ್ರವನ್ನು ಸ್ಥಿರಗೊಳಿಸುವ ಹೈಪೋ, ತೊಳೆಯುವ ನೀರು ಎಂಬ ಅನುಕ್ರಮದಲ್ಲಿ ಟ್ರೇಗಳು. ಹಿಂದಿನ ಕಾಲದ ಅಡುಗೆಮನೆಯ ಮಡಿಯಷ್ಟೇ ಕಟ್ಟುನಿಟ್ಟು ಇಲ್ಲಿಯೂ ಸಲ್ಲಬೇಕು: ಹೈಪೋ ಮುಟ್ಟಿದ ಬೆರಳು ತೊಳೆಯದೆ ಕಾಗದದ ಪೊಟ್ಟಣವನ್ನು ಮುಟ್ಟಿತೋ, ಆ ಬೆರಳಚ್ಚು ಚಿತ್ರದಲ್ಲಿ ಶಾಶ್ವತವಾಗಿ ಉಳಿಯಿತೆಂದೇ ಲೆಕ್ಕ. ಟ್ರೇಗಳ ಕೆಳಗೆ ಕಡಪಾ ಕಲ್ಲನ್ನು ಹಾಸುವುದು ನಮ್ಮ ಗಾರೆಯವರ ಅಭ್ಯಾಸ. ಅದು ಸುಣ್ಣದ ಕಲ್ಲಿನ ಜಾತಿಯದಾದುದರಿಂದ ಅಸಿಟಿಕ್ ಆಮ್ಲದ ತೊಟ್ಟು ಬಿದ್ದಲ್ಲೆಲ್ಲ ಹೊಳಪುಗೆಟ್ಟು ಕೊರೆಯುತ್ತದೆ, ಗ್ರಾನೈಟ್ ವಾಸಿ. ಹೈಪೋವಿನಿಂದಲೂ ಆಸಿಡ್ಡಿನಿಂದಲೂ ಏಳುವ ಘಾಟನ್ನು ಹೊರಗಟ್ಟಲು ಫ್ಯಾನು ಬೇಕು, ಆದರೆ ಗಾಳಿ ಹೋಗುವ ದಾರಿಯಲ್ಲಿ ಬೆಳಕು ಬರಬಾರದು. ಒಳಮೈಗೆ ಮಂಕುಗಪ್ಪು ಬಳಿದ, ಎರಡು ಕಡೆ ತಿರುಗುವ ಮರದ ಕೊಳವೆಯೊಂದನ್ನು ಇಟ್ಟರೆ ಗಾಳಿ ಬಾಗಿ ಬಳುಕಿ ಹೋಗುತ್ತದೆ, ಬೆಳಕಾದರೋ ಒಂದೊಂದು ಬಡಿತದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಗಿಲಾಗಿ ಹೀರಿಹೋಗಿ ನಶಿಸುತ್ತದೆ. ಒದ್ದೆ ಕೈಗೆ ಸಿಗುವ ಎಡೆಯಲ್ಲಿ ಸ್ವಿಚ್ಚನ್ನಿಡಿಸುವುದು ಪ್ರಾಣಕ್ಕೆ ಅಪಾಯ; ಈ ವಿಷಯದಲ್ಲಿ ಎಲೆಕ್ಟ್ರಿಷಿಯನ್ನನಿಗೆ ರಿಯಾಯಿತಿ ತೋರಕೂಡದು.

ಇನ್ನು ಎನ್‌ಲಾರ್ಜರು. ವಿಸ್ತಾರವಾದ ಪ್ರಪಂಚವನ್ನು ಅಂಗುಲದೊಳಗೆ ಅಡಗಿಸುವುದು ಕ್ಯಾಮೆರಾದ ಕೆಲಸವಾದರೆ, ಅದೇ ಮಸೂರನಿಯಮವನ್ನು ತಿರುಗುಮುರುಗು ಮಾಡಿ ಅಂಗುಲವನ್ನು ಹಿಗ್ಗಿಸುವುದು ಇದರ ಕೆಲಸ. ಮೇಲ್ಗಡೆ ಹಾಲುಬಿಳುಪಿನ ಬಲ್ಬು. ಅದರ ಕೆಳಗೆ, ಉಬ್ಬುಮೈಗಳು ಒಂದಕ್ಕೊಂದು ಎದುರಾಗಿರುವಂತೆ ಜೋಡಿಸಿದ ಎರಡು ದಪ್ಪ ಮಸೂರಗಳ ಕಂಡೆನ್ಸರು, ಇದು ಬೆಳಕನ್ನು ನೆಗೆಟಿವಿನ ಮೂಲೆಮೂಲೆಗೂ ಸಮನಾಗಿ ಹಾಯಿಸಿ ಕೆಳಗಿನ ಮಸೂರದೊಳಕ್ಕೆ ಕೂಡಿಸುತ್ತದೆ. ಆಮೇಲೆ ನೆಗೆಟಿವಿನ ಚೌಕಟ್ಟು, ಬೆಲ್ಲೋಸು, ಮಸೂರ. ಎಲ್ಲಕ್ಕೂ ಕೆಳಗೆ ಕಾಗದವನ್ನು ಮಟ್ಟಸವಾಗಿ ಹಿಡಿಯುವ ಈಸೆಲ್. 35 ಮಿಲಿಮೀಟರ್ ಫಿಲ್ಮಿಗೆ ಸಾಮಾನ್ಯವಾಗಿ ಬಳಸುವ 50 ಮಿಲಿಮೀಟರ್ ಮಸೂರದಿಂದ ಎಂಟು ಪಟ್ಟು ಹಿಗ್ಗಿಸಬೇಕಾದಲ್ಲಿ, ನೆಗೆಟಿವಿನಿಂದ ಮಸೂರಕ್ಕೆ ಸುಮಾರು 56 ಮಿಲಿಮೀಟರ್, ಮಸೂರದಿಂದ ಕಾಗದಕ್ಕೆ 450 ಮಿಲಿಮೀಟರ್ ಅಂತರವಿರಬೇಕೆಂದು ಲೆಕ್ಕ ಹೇಳುತ್ತದೆ. ಕೋಣೆಯ ಮುಚ್ಚಿಗೆ ಎಷ್ಟು ಎತ್ತರವಿರಬೇಕೆಂಬುದನ್ನು ಮೊದಲೇ ತಿಳಿಯಲು ಇದೊಂದು ಉಪಾಯ. ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿದಾಗ ಬೆಳಕಿನ ಅವಧಿಯೂ ನಾಲ್ಮಡಿಯಾಗಬೇಕೆಂದು ಅನೇಕರು ಬಗೆಯುತ್ತಾರೆ. ಆದರೆ ಅದು ಹಿಗ್ಗುವಿಕೆಯ ಅಂಕಕ್ಕೆ ಒಂದನ್ನು ಕೂಡಿಸಿ ಬಂದ ಮೊತ್ತದ ವರ್ಗವನ್ನು ಅನುಸರಿಸುವುದರಿಂದ, 25ಕ್ಕೆ 81ರ ಅನುಪಾತದಲ್ಲಿ ಮೂರೂಕಾಲು ಮಡಿಯಾದರೆ ಸಾಕು.

ನೆಗೆಟಿವು, ಮಸೂರ, ಈಸೆಲ್ ಈ ಮೂರೂ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಗಾರೆಯವನ ರಸಮಟ್ಟ ಈ ಪರೀಕ್ಷೆಗೆ ಸಾಕು. ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಫೋಕಸ್ ಸರಿಮಾಡಿ, ದೀಪವಾರಿಸಿ, ಕಾಗದವನ್ನಿಟ್ಟು ಮತ್ತೆ ದೀಪ ಹೊತ್ತಿಸಿದಾಗ, ಬಲ್ಬಿನ ಕಾವಿಗೆ ನೆಗೆಟಿವು ಕ್ಷಣಮಾತ್ರದಲ್ಲಿ ಸಣ್ಣಗೆ ಉಬ್ಬಿ ಫೋಕಸ್ಸಿನಿಂದ ಜಾರುತ್ತದೆ. ಮಸೂರವನ್ನು ದೂಷಿಸಿ ಹೊಸದನ್ನು ಕೊಂಡವರೂ ಉಂಟು. ಎರಡು ಗಾಜುಗಳ ನಡುವೆ ನೆಗೆಟಿವನ್ನು ಒತ್ತಿ ಹಿಡಿಸಿದರೆ ಉಬ್ಬು ನಿಲ್ಲುತ್ತದೆ, ಆದರೆ ಧೂಳು ಕೂರಲು ನಾಲ್ಕು ಮೈಗಳನ್ನು ನಾವೇ ಒದಗಿಸಿಕೊಟ್ಟಂತಾಗುತ್ತದೆ, ಮೇಲಾಗಿ ಮಳೆಗಾಲದ ತೇವದಲ್ಲಿ ಫಿಲ್ಮಿನ ನಯವಾದ ಬೆನ್ನು ಗಾಜಿಗೆ ಅಂಟಿ ನ್ಯೂಟನ್ನನ ಉಂಗುರಗಳೆಂಬ ಬಳೆಯಾಕಾರದ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಕಂಡೆನ್ಸರಿನ ಬೆಳಕು ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ನೆಗೆಟಿವಿನ ಗೀರು, ಧೂಳು ಎಲ್ಲವನ್ನೂ ಎತ್ತಿ ತೋರಿಸುತ್ತದೆಂಬುದನ್ನೂ ಇಲ್ಲಿಯೇ ಹೇಳಬೇಕು.

ನಮ್ಮ ದೇಶದ ಕತ್ತಲಕೋಣೆಗೆ ವಿಶೇಷವಾಗಿ ಬೇಕಾದ ಸಾಧನವೊಂದುಂಟು, ವೋಲ್ಟೇಜ್ ಸ್ಟೆಬಿಲೈಸರು. ಟಂಗ್‌ಸ್ಟನ್ ಬಲ್ಬಿನ ಬೆಳಕು ವೋಲ್ಟೇಜಿನೊಂದಿಗೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ನೆರೆಮನೆಯ ಪಂಪು ಶುರುವಾಗಿ 230 ವೋಲ್ಟು 207ಕ್ಕೆ ಇಳಿದರೆ, ಅಂದರೆ ನೂರಕ್ಕೆ ಹತ್ತು ಕಡಮೆಯಾದರೆ, ಬೆಳಕು ನೂರಕ್ಕೆ ಸುಮಾರು ಮೂವತ್ತು ಪಾಲು ಕುಸಿಯುತ್ತದೆ. ಅದೂ ಅಲ್ಲದೆ ತಣ್ಣಗಾದ ತಂತಿಯ ಬೆಳಕು ಕೆಂಪಿಗೆ ಹೊರಳುತ್ತದೆ, ಕೆಂಪನ್ನು ಕಾಗದ ಕಾಣದೆಂಬುದನ್ನು ಮೇಲೆಯೇ ಹೇಳಿದೆ. ಆದುದರಿಂದ ಕಾಗದಕ್ಕೆ ತಟ್ಟುವ ನಷ್ಟ ಇನ್ನೂ ಹೆಚ್ಚು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದ ಅಂಗಡಿಗಳಲ್ಲಿ ಸಿಗುತ್ತಿದ್ದ ಕಾಲ ಹೋಯಿತು; ಈಗ ಬಹುಮಟ್ಟಿಗೆ ಹೊರದೇಶದಿಂದ ಬರುವ ಕಾಗದದ ಒಂದೊಂದು ಹಾಳೆಗೂ ತೆರುವ ಬೆಲೆಯನ್ನು ನೆನೆದರೆ ಸ್ಟೆಬಿಲೈಸರಿನ ಖರ್ಚು ಖರ್ಚೇ ಅಲ್ಲ.

ಬೆಳಕು ತಗುಲಿದ ಕಾಗದದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಹರಳಿನೊಳಗೆ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಬೆಳ್ಳಿಯ ಅಯಾನುಗಳು ಹಿಡಿದುಕೊಂಡು ಒಂದು ಎಡೆಯಲ್ಲಿ ನಾಲ್ಕಾರು ಬೆಳ್ಳಿಯ ಪರಮಾಣುಗಳು ನೆರೆದಿರುತ್ತವೆ, ಅಷ್ಟೆ. ಆ ಬೀಜವಿದ್ದ ಹರಳನ್ನು ಮಾತ್ರ ಆರಿಸಿ, ಅದರ ಕೋಟಿಗಟ್ಟಲೆ ಅಯಾನುಗಳನ್ನು ಬೆಳ್ಳಿಯಾಗಿ ಇಳಿಸುವುದು ಡೆವಲಪರಿನ ಚಾತುರ್ಯ. ಕೊಡಕ್ ಕಂಪನಿಯ ಡಿ-72 ಎಂಬ ಸೂತ್ರದಲ್ಲಿ ಲೀಟರಿಗೆ 3 ಗ್ರಾಂ ಮೆಟಾಲ್, 12 ಗ್ರಾಂ ಹೈಡ್ರೊಕ್ವಿನೋನ್ ಈ ಕೆಲಸವನ್ನು ನಡೆಸುತ್ತವೆ. ಅವು ಗಾಳಿಗೆ ಕೆಡದಂತೆ 45 ಗ್ರಾಂ ಸೋಡಿಯಂ ಸಲ್ಫೈಟ್ ಕಾಯುತ್ತದೆ, ಕಾರ್ಬೊನೇಟು ಅವಕ್ಕೆ ಬೇಕಾದ ಕ್ಷಾರವನ್ನು ಕೊಡುತ್ತದೆ, 2 ಗ್ರಾಂ ಪೊಟ್ಯಾಸಿಯಂ ಬ್ರೋಮೈಡು ಬೆಳಕು ತಗುಲದ ಹರಳುಗಳ ಗೊಡವೆಗೆ ಹೋಗದಂತೆ ಅವನ್ನು ತಡೆಯುತ್ತದೆ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗಲೊಲ್ಲದು, ಆದಕಾರಣ ಅದನ್ನೇ ಮೊದಲು ಹಾಕತಕ್ಕದ್ದು. ಕೆಲವರ ಚರ್ಮಕ್ಕೆ ಅದು ಒಗ್ಗದೆ ತುರಿಯೇಳಿಸುವುದರಿಂದ ಕೈಯನ್ನು ಅದ್ದದೆ ಇಕ್ಕಳವನ್ನೇ ಬಳಸತಕ್ಕದ್ದು. ಶಾಖವು 20 ಡಿಗ್ರಿಯ ಸುತ್ತಮುತ್ತ ಇರಬೇಕಾದುದರಿಂದ ಬೇಸಿಗೆಯಲ್ಲಿ ಟ್ರೇಯನ್ನು ತಣ್ಣೀರು ತುಂಬಿದ ದೊಡ್ಡ ಟ್ರೇಯೊಳಗೆ ಕೂರಿಸುವುದುಂಟು. ಬಿಂಬ ಬೇಗ ಕಪ್ಪಾಯಿತೆಂದು ಹೆದರಿ ನಡುವೆಯೇ ಎತ್ತಿಬಿಡುವ ಚಪಲವನ್ನು ಅಡಗಿಸಿಕೊಂಡು, ನಿಯಮಿತ ಒಂದೂವರೆ ಎರಡು ನಿಮಿಷವನ್ನು ಪೂರ್ತಿ ಕಳೆಯಬೇಕು. ತಪ್ಪು ಬೆಳಕಿನ ಅವಧಿಯಲ್ಲಿದ್ದರೆ ಅಲ್ಲಿಯೇ ಅದನ್ನು ತಿದ್ದಿಕೊಳ್ಳಬೇಕಲ್ಲದೆ ಟ್ರೇಯಲ್ಲಲ್ಲ.

ಡೆವಲಪರಿನ ಕ್ಷಾರವನ್ನು ಅಸಿಟಿಕ್ ಆಮ್ಲದ ತೆಳುನೀರು ತಡೆದು ನಿಲ್ಲಿಸಿದ ಮೇಲೆ ಹೈಪೋವಿನ ಸರದಿ. ಬೆಳ್ಳಿಯ ಲವಣಗಳನ್ನು ಇದು ಕರಗಿಸುವುದೆಂದು ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ, ಛಾಯಾಚಿತ್ರವೆಂಬುದು ಲೋಕಕ್ಕೆ ಪ್ರಕಟವಾಗುವುದಕ್ಕೆ ಇಪ್ಪತ್ತು ವರ್ಷ ಮುಂಚೆ; 1839ರಲ್ಲಿ ಚಿತ್ರವನ್ನು ಸ್ಥಿರಗೊಳಿಸುವ ಪ್ರಶ್ನೆ ಎದ್ದಾಗ ಉತ್ತರ ಅವನ ಕೈಯಲ್ಲಿ ಸಿದ್ಧವಾಗಿಯೇ ಇತ್ತು. ಹೈಪೋ ಕಾಗದದಲ್ಲಿ ಉಳಿದರೆ ವರ್ಷಗಳ ಮೇಲೆ ಬೆಳ್ಳಿಯನ್ನು ಹಳದಿ ಕಂದಾಗಿಸುವುದರಿಂದ ತೊಳೆಯುವ ಕೆಲಸ ದೀರ್ಘವಾದುದು. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಕೆಲವು ನಿಮಿಷ ಸಾಕಾದರೂ, ನಾರಿನ ಕಾಗದಕ್ಕೆ ಹರಿಯುವ ನೀರಿನಲ್ಲಿ ಒಂದು ಗಂಟೆ ಬೇಕು. ನೀರಿನ ತಾಪತ್ರಯವುಳ್ಳ ಊರುಗಳಲ್ಲಿ, ನಡುವೆ ನೂರಕ್ಕೆ ಎರಡರ ಸಲ್ಫೈಟ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿದರೆ ಆ ಅವಧಿ ಬಹಳ ಕುಗ್ಗುತ್ತದೆ. ಚಿತ್ರದ ಬಿಳಿಯ ಭಾಗಗಳಲ್ಲಿದ್ದ ಬೆಳ್ಳಿಯೆಲ್ಲ ಈಗ ಹೈಪೋವಿನೊಳಗಿದೆ. ಅದನ್ನು ಮೋರಿಗೆ ಅಥವಾ ಬಾವಿಯ ಬಳಿಗೆ ಚೆಲ್ಲಕೂಡದು. ಹಳೆಯ ಹೈಪೋವನ್ನು ಪ್ಲಾಸ್ಟಿಕ್ ಬಕೇಟಿನಲ್ಲಿ ಶೇಖರಿಸಿ, ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಅದರಲ್ಲಿ ಕೆಲವು ದಿನ ಮುಳುಗಿಸಿಟ್ಟರೆ, ಕಬ್ಬಿಣ ಕರಗಿ ನೀರಿಗಿಳಿದು ಅದರ ಸ್ಥಾನದಲ್ಲಿ ಬೆಳ್ಳಿ ಕರಿಯ ಕೆಸರಾಗಿ ತಳಕ್ಕೆ ಕೂರುತ್ತದೆ.